ಮಾಗಡಿ ಹಕ್ಕಿ ಸುದ್ದಿ ಆಗ್ತದೆ, ಕಪ್ಪತಗುಡ್ಡದ ಹಕ್ಕಿ ಲೆಕ್ಕ ಇಡೋರು ಯಾರು?

ಹಿರೇವಡ್ಡಟ್ಟಿ (ಮುಂಡರಗಿ ತಾ.): ಚಳಿಗಾಲ ಬಂತೆಂದರೆ ಗದಗ ಜಿಲ್ಲೆಯಲ್ಲಿ ಹಕ್ಕಿ ನೋಡೋರ ಗಾಡಿಗಳೆಲ್ಲ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಕಡೆ ತಿರುಗ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಕೂತಿರ್ತವೆ. ಅದೇ ಹೊತ್ತಿಗೆ ಹಿರೇವಡ್ಡಟ್ಟಿ, ಡೋಣಿ ಭಾಗದ ಕಪ್ಪತಗುಡ್ಡದ ಸೆರಗಿಗೆ ದುರ್ಬೀನು ಹಿಡಿದು ಬರೋರು ಬೆರಳೆಣಿಕೆಯಷ್ಟು.

ಇದಕ್ಕೆ ಕಾರಣ ಇಲ್ಲದಿಲ್ಲ. ಹೆಬ್ಬಾತು ದೊಡ್ಡ ಹಕ್ಕಿ, ಬಯಲು ನೀರಿನಲ್ಲಿ ಕೂರ್ತದೆ, ದಂಡೆ ಮೇಲೆ ನಿಂತೇ ಎಣಿಸಬಹುದು. ವರ್ಷಾನುಗಟ್ಟಲೆ ಎಣಿಸಿದ್ದರ ಫಲವೂ ಸಿಕ್ಕಿದೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಆದರೆ ಹುಲ್ಲು ಗುಡ್ಡದ ಹಕ್ಕಿಗಳು ಸಣ್ಣವು, ಚದುರಿದವು. ಕಲ್ಲಿನ ಸಂದಿ, ಒಣಗಿದ ಹುಲ್ಲು, ಜಾಲಿ ಕಂಟಿಯಲ್ಲಿ ಅಡಗಿರ್ತವೆ.

ರೈತರಿಗೆ ಮಾತ್ರ ಇವು ಹೊಸವಲ್ಲ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವಾಗ ಮೋಡದಂತೆ ಬಂದಿಳಿಯುವ ಗುಲಾಬಿ ಕಬ್ಬಕ್ಕಿಗಳನ್ನು ಕವಣೆ ಬೀಸಿ ಓಡಿಸೋದು ಇಲ್ಲಿ ವರ್ಷದ ಕೆಲಸ. ಮಧ್ಯ ಏಷ್ಯಾ ಕಡೆಯಿಂದ ಬರುವ ಇವು ಕಾಳು ತಿಂತವೆ ನಿಜ, ಮಿಡತೆಯನ್ನೂ ತಿಂತವೆ. ಚಳಿಗಾಲಕ್ಕೆ ಬಯಲುಸೀಮೆಗೆ ಬರುವ ಸೆಳೆವ ಹದ್ದುಗಳದ್ದು ಇನ್ನೊಂದು ಲೆಕ್ಕ. ಹಗಲೆಲ್ಲ ಹೊಲ, ಹುಲ್ಲುಗಾವಲ ಮೇಲೆ ತಗ್ಗಿನಲ್ಲಿ ಹಾರಿ ಮಿಡತೆ, ಇಲಿ ಹಿಡಿಯುವ ಇವು ರಾತ್ರಿ ಮರ ಏರೋದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗ್ತವೆ.

ಸಮಸ್ಯೆ ಶುರುವಾಗೋದು ಇಲ್ಲೇ. ಕಪ್ಪತಗುಡ್ಡದ ಹುಲ್ಲು ಒಣಗಿ ಬೆಂಕಿಗೆ ಸಿದ್ಧವಾಗುವ ಹೊತ್ತೂ, ವಲಸೆ ಹಕ್ಕಿಗಳು ಇಲ್ಲಿ ಇರುವ ಹೊತ್ತೂ ಒಂದೇ. ಇಂಥ ಬೆಂಕಿ ತಾನಾಗಿ ಹತ್ತೋದು ಅಪರೂಪ. ಒಂದು ಬೀಡಿ ತುಂಡು ಸಾಕು, ಇಲ್ಲ ಹೊಸ ಚಿಗುರು ಬರಲಿ ಅಂತ ಹಚ್ಚಿದ ಒಂದು ಕಡ್ಡಿ ಸಾಕು. ಗಾಳಿ ಜೋರಿದ್ದರೆ ಒಂದು ರಾತ್ರಿಯಲ್ಲಿ ಗುಡ್ಡದ ಒಂದು ಮಗ್ಗಲು ಕರಕಲಾಗ್ತದೆ. ಮರುದಿನ ಸುದ್ದಿಯಲ್ಲಿ ಎಷ್ಟು ಎಕರೆ ಸುಟ್ಟಿತು ಅಂತ ಬರ್ತದೆ. ಎಷ್ಟು ಹಕ್ಕಿ ನೆಲೆ ಕಳಕೊಂಡವು ಅಂತ ಬರೋದಿಲ್ಲ, ಮೊದಲು ಎಷ್ಟಿದ್ದವು ಅನ್ನೋ ಲೆಕ್ಕ ಇದ್ದರೆ ತಾನೆ ಬರೋದು.

ಲೆಕ್ಕ ಇಲ್ಲದ್ದಕ್ಕೆ ಬೆಲೆ ಕಡಿಮೆ ಅನ್ನೋದನ್ನ ಈ ಗುಡ್ಡ ಒಮ್ಮೆ ಅನುಭವಿಸಿದೆ. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಸರ್ಕಾರ, 2016ರಲ್ಲಿ ಅದನ್ನೇ ವಾಪಸ್ ಪಡೆಯಿತು. 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ ಆದೇಶ ಮತ್ತೆ ಜಾರಿಗೆ ಬಂತು. 2019ರಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮ ಆಯಿತು. ಗುಡ್ಡದಲ್ಲಿ ಚಿನ್ನ, ಕಬ್ಬಿಣದ ಅದಿರು ಇದೆ ಅನ್ನೋದು ಎಲ್ಲರಿಗೂ ಗೊತ್ತು. ಔಷಧಿ ಸಸ್ಯ ಇವೆ ಅನ್ನೋದೂ ಗೊತ್ತು. ಆದರೆ ಗಣಿ, ಕ್ರಷರ್ ಮಾತು ಬಂದಾಗಲೆಲ್ಲ "ಬರೀ ಕಲ್ಲು, ಹುಲ್ಲು, ಅಲ್ಲೇನೈತಿ" ಅನ್ನೋ ಪ್ರಶ್ನೆ ಏಳ್ತದೆ. ಅದಕ್ಕೆ ಘೋಷಣೆಗಿಂತ ಗಟ್ಟಿ ಉತ್ತರ ಅಂದರೆ ತಾರೀಖು, ಜಾಗ, ಸಂಖ್ಯೆ ಸಮೇತ ಬರೆದಿಟ್ಟ ಪಟ್ಟಿ.

ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಪ್ರತಿ ವರ್ಷ ಫೆಬ್ರವರಿ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೀತದೆ. ಭಾರತ 2013ರಿಂದ ಇದರಲ್ಲಿದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿ ಎಣಿಸಿ, ಮೊಬೈಲಿನ ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಆಯಿತು. ಹೆಸರು ಗೊತ್ತಿಲ್ಲದ ಹಕ್ಕಿಯ ಫೋಟೋ ಹಾಕಿದರೆ ತಿಳಿದವರು ಗುರುತು ಹಿಡಿಯಲು ನೆರವಾಗ್ತಾರೆ.

ಗುಡ್ಡದಂಚಿನ ಊರುಗಳ ಹೈಸ್ಕೂಲ್ ಮಕ್ಕಳು, ಕುರಿ ಕಾಯೋರು, ಅರಣ್ಯ ವಾಚರ್‌ಗಳು ಸೇರಿ ನಾಲ್ಕು ದಿನ ಕೊಟ್ಟರೆ ಪಟ್ಟಿಗೆ ಬುನಾದಿ ಬೀಳ್ತದೆ. ಯಾವ ಮಗ್ಗಲಲ್ಲಿ ಸೆಳೆವ ಹದ್ದು ಮಲಗ್ತದೆ ಅಂತ ಗೊತ್ತಾದರೆ, ಬೆಂಕಿ ರೇಖೆಯನ್ನು ಮೊದಲು ಎಲ್ಲಿ ಕಡೀಬೇಕು ಅನ್ನೋದೂ ತಿಳೀತದೆ. ಜೋಳದ ರಾಶಿ ಹೊತ್ತಿಗೆ ಈ ಕೆಲಸ ಆಗಬೇಕು. ಹುಲ್ಲು ಸುಟ್ಟ ಮೇಲೆ ಎಣಿಸಲು ಹೋದರೆ ಬೂದಿ ಮಾತ್ರ ಸಿಗ್ತದೆ.