ಗೋಟ್ ಯಾರು? ಮೊದಲು ನಿಮ್ಮ ಕಾಟಾ ತೋರಿಸ್ರಿ

(1/6)

ಹೋದ ವಾರ ನಮ್ಮ ಕ್ಲಾಸಿನ ಗ್ರೂಪಿನಿಂದ ಇಬ್ಬರು ಎಕ್ಸಿಟ್ ಆದ್ರು. ಕಾರಣ ಏನು ಗೊತ್ತಾ? ಅಮೆರಿಕಾದ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರು.

ಒಬ್ಬ ಮೈಕಲ್ ಜೋರ್ಡನ್ ಅಂದ. ಇನ್ನೊಬ್ಬ ಲೆಬ್ರಾನ್ ಜೇಮ್ಸ್ ಅಂದ. ರಾತ್ರಿ ಹನ್ನೊಂದಕ್ಕ ಶುರುವಾದದ್ದು ಒಂದೂವರೆ ತನಕ ನಡೀತು. ಮೊದಲು ಅಂಕಿ-ಸಂಖ್ಯೆ, ಆಮೇಲೆ ಮೀಮ್ಸ್, ಆಮೇಲೆ ಮನೀ ಮಂದಿ ತನಕ ಮಾತು ಹೋಯ್ತು. ಇಬ್ಬರೂ ಗ್ರೂಪ್ ಬಿಟ್ರು. ತಮಾಷೆ ಏನಂದ್ರ, ಇವರಿಬ್ಬರೂ ಒಂದೇ ಒಂದು ಪೂರಾ ಬಾಸ್ಕೆಟ್‌ಬಾಲ್ ಮ್ಯಾಚ್ ನೋಡಿದವರಲ್ಲ, ರೀಲ್ಸ್ ನೋಡಿದವರು. ನಾನೂ ಅಷ್ಟೇ, ಸುಳ್ಳು ಯಾಕ ಹೇಳ್ಲಿ.

ಇದು ಅಲ್ಲಿಗೇ ಮುಗಿದಿದ್ರ ನಾ ಬರೀತಿರಲಿಲ್ಲ. ಆದರ ಇವರಿಬ್ಬರೇ ನಮ್ಮ ಟೆನಿಸ್ ಬಾಲ್ ಟೀಮಿನ ಓಪನರ್ಸ್. ಭಾನುವಾರ ಒಬ್ಬ ರನ್ನಿಗೆ ಕರೆದ, ಇನ್ನೊಬ್ಬ ಜಾಗಾ ಬಿಟ್ಟು ಅಲುಗಾಡಲಿಲ್ಲ. ರನೌಟ್. ಮ್ಯಾಚೂ ಹೋಯ್ತು. ಜೋರ್ಡನ್‌ಗೂ ಗೊತ್ತಿಲ್ಲ, ಲೆಬ್ರಾನ್‌ಗೂ ಗೊತ್ತಿಲ್ಲ, ಹುಲಸೂರಿನಾಗ ಅವರ ಸಲುವಾಗಿ ಒಂದು ವಿಕೆಟ್ ಬಿತ್ತು ಅಂತ.

ಅದಕ್ಕ ಈ ಸರಣಿಯ ಈ ವಾರದ ಮಾತು: ಗೋಟ್ ಅಂತ ನಾವು ವಾದ ಮಾಡೋದು ಹೆಂಗ, ಮತ್ತ ಆ ವಾದದಾಗ ಯಾರು ಬಿಟ್ಟು ಹೋಗ್ತಾರ.

ಮೊದಲು ಶಬ್ದ ಹೇಳ್ತೀನಿ. ಇಂಗ್ಲಿಷ್‌ನಾಗ 'ಸಾರ್ವಕಾಲಿಕ ಶ್ರೇಷ್ಠ' ಅನ್ನೋದರ ನಾಲ್ಕು ಮೊದಲಕ್ಷರ ಕೂಡಿಸಿದ್ರ ಗೋಟ್. ಬಾಕ್ಸರ್ ಮುಹಮ್ಮದ್ ಅಲಿ ತನ್ನನ್ನ ತಾನೇ ಶ್ರೇಷ್ಠ ಅಂತ ಹೇಳ್ಕೋತಿದ್ದ. 1992ರಾಗ ಅವರ ಹೆಂಡತಿ ಲೋನಿ ಈ ನಾಲ್ಕಕ್ಷರದ ಹೆಸರಿನಲ್ಲೇ ಒಂದು ಕಂಪನಿ ಮಾಡಿದ್ರು. 2000ದಾಗ ಎಲ್ ಎಲ್ ಕೂಲ್ ಜೆ ಅನ್ನೋ ರ್‍ಯಾಪರ್ ಇದೇ ಹೆಸರಿನ ಆಲ್ಬಮ್ ತಂದ. ಈಗ ಎಲ್ಲಾ ಆಟಕ್ಕೂ ಅದೇ ಶಬ್ದ. ನಮ್ಮ ಮುತ್ಯಾಗ ಇದನ್ನ ಹೇಳಿದ್ರ, 'ಆಟ ಆಡೋನಿಗೆ ಆಡು ಅಂತಾರೇನೋ?' ಅಂದ್ರು.

(2/6)

ಈಗ ಆ ರಾತ್ರಿಯ ವಾದಕ್ಕ ಬರೋಣ. ಸ್ಕ್ರೀನ್‌ಶಾಟ್ ಹಾಕೋದಿಲ್ಲ, ಹೆದರಬ್ಯಾಡ್ರಿ.

ಜೋರ್ಡನ್ ಕಡೀದವ ಹೇಳಿದ್ದು: 6 ಸಲ ಫೈನಲ್, 6 ಸಲ ಕಪ್. 1991ರಿಂದ 1993, ಮತ್ತ 1996ರಿಂದ 1998. ಒಂದೂ ಸೋಲಿಲ್ಲ. ಲೆಬ್ರಾನ್ 10 ಸಲ ಫೈನಲ್ ಹೋಗಿ 4 ಗೆದ್ದ, 6 ಸೋತ. ಮುಗೀತು ಮಾತು.

ಮುಗೀತಾ? ಲೆಬ್ರಾನ್ ಕಡೀದವ ಕೇಳಿದ: ಕಪ್ಪೇ ಲೆಕ್ಕ ಆದ್ರ ಬಿಲ್ ರಸೆಲ್ ಹತ್ರ 11 ಅದಾವ. 13 ಸೀಸನ್‌ನಾಗ 11. ಆತನ ಹೆಸರು ಯಾಕ ತೆಗೀವಲ್ಲಿ? ಜೋರ್ಡನ್ ಕಡೀದವ ಅಂದ, ಆಗ ತಂಡಗಳೇ ಕಡಿಮಿ ಇದ್ದವು, ಅದು ಲೆಕ್ಕಕ್ಕಿಲ್ಲ.

ನೋಡಿದ್ರಾ? ಐದು ನಿಮಿಷದ ಹಿಂದ ಕಪ್ಪೇ ಎಲ್ಲಾ ಆಗಿತ್ತು. ಈಗ ಕಾಲ ನೋಡಬೇಕು ಅನ್ನಾಕ ಶುರು.

ಲೆಬ್ರಾನ್ ಕಡೀದವ ಏನು ಕಡಿಮಿ ಇಲ್ಲ. ಆತನದು ಒಟ್ಟು ಪಾಯಿಂಟ್ಸ್ ಲೆಕ್ಕ. ಕರೀಮ್ ಅಬ್ದುಲ್ ಜಬ್ಬಾರ್ ಅವರ 38,387 ಪಾಯಿಂಟಿನ ದಾಖಲೆಯನ್ನ ಲೆಬ್ರಾನ್ 2023ರ ಫೆಬ್ರವರಿ 7ಕ್ಕ ದಾಟಿದ. ಸರಿ, ಹಂಗಾದ್ರ 2022ರಾಗ ಗೋಟ್ ಯಾರು? ಕರೀಮ್ ಆಗಬೇಕಿತ್ತಲ್ಲ. ಆಗ ಇದೇ ಹುಡುಗ ಕರೀಮ್ ಹೆಸರು ಒಂದು ಸಲಾನೂ ತೆಗೆದಿರಲಿಲ್ಲ. ಮ್ಯಾಲಾಗಿ ಮೂರು ಪಾಯಿಂಟಿನ ಗೆರಿ ಆ ಲೀಗಿಗೆ ಬಂದದ್ದೇ 1979ಕ್ಕ. ಅದಕ್ಕಿಂತ ಮೊದಲು ಎಷ್ಟು ದೂರದಿಂದ ಹಾಕಿದ್ರೂ ಎರಡೇ.

ನನಗ ಎಲ್ಲಕ್ಕಿಂತ ಮಜಾ ಅನ್ನಿಸಿದ್ದು '6ಕ್ಕ 6' ಅನ್ನೋ ಮಾತು. ಜೋರ್ಡನ್ 1988, 1989, 1990 ಮೂರೂ ವರ್ಷ ಡೆಟ್ರಾಯಿಟ್ ತಂಡದ ಕೈಯಾಗ ಸೋತು, ಫೈನಲ್ ತನಕ ಬರಲೇ ಇಲ್ಲ. ಅದು ಲೆಕ್ಕಕ್ಕಿಲ್ಲ. ಲೆಬ್ರಾನ್ ಫೈನಲ್ ತನಕ ಬಂದು ಸೋತ್ರ ಅದು ಕಪ್ಪು ಚುಕ್ಕಿ. ಅಂದ್ರ ಮೊದಲೇ ಸೋತ್ರ ಮಾಫಿ, ಕಡೀಕ ಸೋತ್ರ ಶಿಕ್ಷೆ! ಈ ನಿಯಮ ನಮ್ಮ ಊರ ಟೂರ್ನಮೆಂಟಿಗೆ ಹಚ್ಚಿ ನೋಡ್ರಿ. ಮೊದಲ ರೌಂಡಿಗೇ ಮನೀಗ್ ಬರೋ ನಮ್ಮ ಟೀಮೇ ರನ್ನರ್-ಅಪ್‌ಕಿಂತ ಶ್ರೇಷ್ಠ.

ತೊಗರಿ ಮಾರೋ ಮುಂದ ಒಂದು ಕಾಟಾ, ಕೊಳ್ಳೋ ಮುಂದ ಇನ್ನೊಂದು ಕಾಟಾ ಇಟ್ಟಂಗ ಆಯ್ತಿದು. ಅಡತಿ ಅಂಗಡ್ಯಾಗ ಹಂಗ ಮಾಡಿದ್ರ ನಮ್ಮಪ್ಪಂದಿರು ಬಿಡ್ತಾರೇನು?

(3/6)

ಈಗ ನಮ್ಮ ಮನೀ ವಾದ.

ಕರ್ನಾಟಕದ ಕ್ರಿಕೆಟ್‌ನಾಗ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ನೀವು ಯಾರನ್ನ ಕೇಳಿದ್ರೂ ನಮ್ಮ ವಯಸ್ಸಿನವರು ದ್ರಾವಿಡ್ ಅಂತಾರ. ನಮ್ಮ ಮುತ್ಯಾಂದು ಒಂದೇ ಹೆಸರು: ಭದ್ರಾವತಿಯ ಗುಂಡಪ್ಪ ವಿಶ್ವನಾಥ್.

ನಾ ಮೊಬೈಲ್ ತೆಗೆದು ತೋರಿಸಿದೆ. ವಿಶ್ವನಾಥ್: 91 ಟೆಸ್ಟ್, 6,080 ರನ್, 14 ಸೆಂಚುರಿ. ದ್ರಾವಿಡ್: 164 ಟೆಸ್ಟ್, 13,288 ರನ್, 36 ಸೆಂಚುರಿ. 'ಅರ್ಧಾನೂ ಇಲ್ಲ ಮುತ್ಯಾ' ಅಂದೆ. ಜೋರಾಗಿ ನಕ್ಕೂಬಿಟ್ಟೆ. ಮುತ್ಯಾ ಏನೂ ಅನ್ನಲಿಲ್ಲ, ಟವೆಲ್ ಹೆಗಲಿಗೆ ಹಾಕ್ಕೊಂಡು ಹೊಲದ ಕಡಿ ಹೋದ್ರು. ವಾದ ನಾ ಗೆದ್ದಿದ್ದೆ. ಊಟಾ ಮಾತ್ರ ಸೇರಲಿಲ್ಲ.

ಎರಡು ದಿನ ಬಿಟ್ಟು ನಾನೇ ಹೋಗಿ ಕೇಳಿದೆ, ಯಾಕ ವಿಶ್ವನಾಥ್ ಅಂತ. 1975ರ ಜನವರಿ, ಮದ್ರಾಸಿನ ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್. ಆಗ ಮುತ್ಯಾ ಹುಡುಗ. ಯಾರದೋ ಅಂಗಡೀ ಮುಂದಿನ ರೇಡಿಯೋ, ಸುತ್ತ ಮಂದಿ. ಆಂಡಿ ರಾಬರ್ಟ್ಸ್ ಅನ್ನೋ ಫಾಸ್ಟ್ ಬೌಲರ್ ಒಬ್ಬೊಬ್ಬರನ್ನೇ ಕಳಿಸ್ಲತ್ತಾನ, ಆ ಇನಿಂಗ್ಸಿನಾಗ ಆತಂದೇ 7 ವಿಕೆಟ್. ಭಾರತ ಒಟ್ಟು 190ಕ್ಕ ಆಲೌಟ್. ಅದರಾಗ ವಿಶ್ವನಾಥ್ 97, ನಾಟೌಟ್. ಹೆಲ್ಮೆಟ್ ಇಲ್ಲದ ಕಾಲ. ಆ ಟೆಸ್ಟ್ ಭಾರತ ಗೆದ್ದಿತು.

ನನ್ನ ಮೊಬೈಲಿನ 14 ಸೆಂಚುರಿಯೊಳಗ ಈ 97 ಇಲ್ಲ. ಬರೋದೇ ಇಲ್ಲ, ಮೂರು ರನ್ ಕಡಿಮಿ. ಜೊತೀಗೆ ನಿಲ್ಲೋರು ಇದ್ದಿದ್ರ ಆಗ್ತಿತ್ತೇನೋ.

ಮುತ್ಯಾ ಇನ್ನೊಂದು ಹೇಳಿದ್ರು, ಇದು ನಿಮಗೂ ಗೊತ್ತಿರಬಹುದು. 1980, ಬಾಂಬೆಯೊಳಗ ಗೋಲ್ಡನ್ ಜುಬಿಲಿ ಟೆಸ್ಟ್, ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟ. ಬ್ಯಾಟಿಗೆ ತಗಲಿಲ್ಲ ಅನ್ನಿಸಿ ವಿಶ್ವನಾಥ್ ಅವರನ್ನ ವಾಪಸ್ ಕರೆದ್ರು. ಆಮೇಲೆ ಟೇಲರ್ ಮತ್ತ ಬಾಥಮ್ 171 ರನ್ ಜೊತೆಯಾಟ ಆಡಿದ್ರು, ಭಾರತ 10 ವಿಕೆಟ್ಟಿಂದ ಸೋತಿತು. ಈಗಿನ ಫ್ಯಾನ್ಸ್ ಇದ್ದಿದ್ರ ವಿಶ್ವನಾಥ್‌ಗೆ ಒಂದು ವಾರ ಟ್ರೋಲ್ ಮಾಡ್ತಿದ್ವಿ. ಸತ್ಯ ಹೇಳ್ರಿ.

ನಾ ಮುತ್ಯಾನ ಮಾತು ಪೂರಾ ಒಪ್ಪಿಲ್ಲ. ಆದ್ರ ಅವತ್ತು ನಕ್ಕದ್ದು ತಪ್ಪು. ಅವರು ಆಟದ ಬಗ್ಗೆ ಮಾತಾಡ್ಲತ್ತಿದ್ರು, ನಾ ಸ್ಕ್ರೀನ್ ಓದ್ಲತ್ತಿದ್ದೆ.

(4/6)

ಈಗ ನನ್ನ ದೂರು. ಗೋಟ್ ವಾದದಾಗ ಬರೋರೆಲ್ಲಾ ಬ್ಯಾಟ್ಸ್‌ಮನ್‌ಗಳೇ ಯಾಕ?

ಸಚಿನ್ ಅಥವಾ ಕೊಹ್ಲಿ. ಕೊಹ್ಲಿ ಅಥವಾ ರೋಹಿತ್. ದ್ರಾವಿಡ್ ಅಥವಾ ವಿಶ್ವನಾಥ್. ಟೆಸ್ಟ್ ಗೆಲ್ಲಬೇಕಂದ್ರ ಸಾಮಾನ್ಯವಾಗಿ 20 ವಿಕೆಟ್ ಕೆಡವಬೇಕು. ಸಾವಿರ ರನ್ ಹೊಡೆದ್ರೂ 20 ವಿಕೆಟ್ ಬೀಳಲಿಲ್ಲಂದ್ರ ಡ್ರಾ. ಆದರೂ ಬೌಲರ್ ಹೆಸರು ಬಂದ್ರ 'ಆತ ಬೆಸ್ಟ್ ಬೌಲರ್' ಅಂತ ಬೇರೆ ಪಂಕ್ತಿಯೊಳಗ ಕೂಡಿಸ್ತೀವಿ.

ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಗೆ ಸಣ್ಣವರಿದ್ದಾಗ ಪೋಲಿಯೋ ಆಗಿತ್ತು. ಅದೇ ಕೈಯಿಂದ ಬೌಲ್ ಮಾಡಿ 58 ಟೆಸ್ಟಿನಾಗ 242 ವಿಕೆಟ್ ತೆಗೆದ್ರು. 1971ರಾಗ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್. ಇಂಗ್ಲೆಂಡಿನಾಗ ಭಾರತ ಮೊದಲ ಸಲ ಸರಣಿ ಗೆದ್ದದ್ದು ಅವತ್ತೇ. ಬ್ಯಾಟಿಂಗ್‌ನಲ್ಲಿ ಅವರ ಒಟ್ಟು ರನ್ 167, ವಿಕೆಟ್ಟಿಗಿಂತ ರನ್ನೇ ಕಡಿಮಿ! ನಮ್ಮ ಗೋಟ್ ಪೋಲ್‌ನಾಗ ಅವರ ಹೆಸರು ಎಂದಾದ್ರೂ ಹಾಕಿವಾ?

ಬಾಸ್ಕೆಟ್‌ಬಾಲ್‌ನಾಗೂ ಇದೇ ರೋಗ. ಬಿಲ್ ರಸೆಲ್ ದೊಡ್ಡವನಾದದ್ದು ಪಾಯಿಂಟ್ ಹಾಕಿ ಅಲ್ಲ, ಎದುರಿನವರಿಗೆ ಹಾಕಗೊಡದಂಗ ತಡೆದು. ಆದರ ಆ ಲೀಗ್ 'ಬ್ಲಾಕ್' ಲೆಕ್ಕ ಇಡಲು ಶುರು ಮಾಡಿದ್ದೇ 1973-74ರಿಂದ. ರಸೆಲ್ ಆಟ ಬಿಟ್ಟದ್ದು 1969ರಾಗ. ಆತ ಎಷ್ಟು ಬಾಲ್ ತಡೆದ ಅನ್ನೋದಕ್ಕ ಅಧಿಕೃತ ಅಂಕಿಯೇ ಇಲ್ಲ. ಅಂಕಿ ಇಲ್ಲಂದ್ರ ಗ್ರಾಫಿಕ್ ಇಲ್ಲ, ಗ್ರಾಫಿಕ್ ಇಲ್ಲಂದ್ರ ಪೋಸ್ಟ್ ಇಲ್ಲ.

ದ್ರಾವಿಡ್‌ಗೂ ಒಂಚೂರು ಹಂಗೇ ಆಗ್ಯದ. ಟೆಸ್ಟಿನಾಗ ಅವರು ಎದುರಿಸಿದ ಬಾಲ್ 31,258. ಅದರಾಗ ಬಿಟ್ಟದ್ದು, ತಡೆದದ್ದು ಎಷ್ಟೋ. ಬಾಲ್ ಬಿಡೋ ರೀಲಿಗೆ ಯಾರು ಲೈಕ್ ಕೊಡ್ತಾರ? 2001ರ ಕೋಲ್ಕತ್ತಾ ಅಂದ್ರ ಎಲ್ಲರಿಗೂ ಲಕ್ಷ್ಮಣ್ ಅವರ 281 ನೆನಪು. ಇನ್ನೊಂದು ತುದಿಗೆ ದ್ರಾವಿಡ್ 180 ಹೊಡೆದಿದ್ರು. ಇಬ್ಬರ ಜೊತೆಯಾಟ 376. ನಾಲ್ಕನೇ ದಿನ ಇಡೀ ಒಂದು ವಿಕೆಟ್ ಬೀಳಲಿಲ್ಲ.

(5/6)

ಇಷ್ಟು ಬರೆದು ಕಳೆದ ಭಾಗದ ಡ್ರಾಫ್ಟ್ ಒಬ್ಬ ಕ್ಲಾಸ್‌ಮೇಟಿಗೆ ಕಳಿಸಿದೆ. ಆಕೆ ಓದಿ ಒಂದೇ ಸಾಲು ಕಳಿಸಿದಳು: 'ನಿನ್ನ ಲಿಸ್ಟಿನಾಗ ಹೆಣ್ಮಕ್ಕಳೇ ಇಲ್ಲಲ್ಲೋ.'

ಇಲ್ಲ. ಬೌಲರ್‌ಗಳನ್ನ ಬಿಡ್ತೀರಿ ಅಂತ ನಿಮಗ ಬೈಯೋ ನಾನೇ ಅರ್ಧ ಮಂದಿಯನ್ನ ಬಿಟ್ಟಿದ್ದೆ.

ಶಾಂತಾ ರಂಗಸ್ವಾಮಿ ಅಂತ ಹುಡುಕಿ ನೋಡ್ರಿ. ಕರ್ನಾಟಕದ ಆಟಗಾರ್ತಿ, ಭಾರತ ಮಹಿಳಾ ಟೆಸ್ಟ್ ತಂಡದ ಮೊದಲ ಕ್ಯಾಪ್ಟನ್. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಸೆಂಚುರಿಯೂ ಅವರದೇ, ನ್ಯೂಜಿಲೆಂಡ್ ವಿರುದ್ಧ. 1976ರಿಂದ 1991ರ ತನಕ ಆಡಿದ್ರು. ಹದಿನೈದು ವರ್ಷದಾಗ ಸಿಕ್ಕ ಟೆಸ್ಟ್ ಎಷ್ಟು? 16.

ಈಗ 'ಒಟ್ಟು ರನ್' ಅನ್ನೋ ಕಾಟಾ ಇಟ್ಟು ತೂಗ್ರಿ. 164 ಟೆಸ್ಟ್ ಸಿಕ್ಕವರ ಮುಂದ 16 ಟೆಸ್ಟ್ ಸಿಕ್ಕವರು ಹೆಂಗ ತೂಗಬೇಕು? ಮ್ಯಾಚೇ ಕೊಡದೆ ಆಮೇಲೆ ಅಂಕಿ ಎಲ್ಲಿ ಅಂತ ಕೇಳೋದು ನ್ಯಾಯ ಅಲ್ಲ.

ನಮ್ಮ ಕಡೀ ಹೆಸರೂ ಅದ. ವಿಜಯಪುರದ ರಾಜೇಶ್ವರಿ ಗಾಯಕವಾಡ್. 2017ರ ವಿಶ್ವಕಪ್, ಡರ್ಬಿ ಊರಿನಾಗ ನ್ಯೂಜಿಲೆಂಡ್ ಜೊತೆ ಮ್ಯಾಚ್. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೀಗೆ. ಆ ವಿಶ್ವಕಪ್ಪಿನಾಗ ಆಕೆಗೆ ಅದೇ ಮೊದಲ ಮ್ಯಾಚ್. 15 ರನ್‌ಗೆ 5 ವಿಕೆಟ್ ತೆಗೆದಳು. ನ್ಯೂಜಿಲೆಂಡ್ 79ಕ್ಕ ಆಲೌಟ್. ಅದೇ ಮ್ಯಾಚ್‌ನಾಗ ಕಡೂರಿನ ವೇದಾ ಕೃಷ್ಣಮೂರ್ತಿ 70 ಹೊಡೆದಿದ್ರು. ಬೆಂಗಳೂರಿನವರಷ್ಟೇ ದೊಡ್ಡ ಆಟಗಾರರಾಗ್ತಾರ, ನಮ್ಮ ಕಡಿ ಏನದ ಅಂತ ಅಳೋ ದೋಸ್ತರಿಗೆ ಆ ಸ್ಕೋರ್‌ಕಾರ್ಡ್ ಕಳಿಸ್ರಿ. ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಯಲ್ಲಿ ಜಗಳ ಆಡೋ ನಮ್ಮ ಗಡಿ ಊರಿನಾಗ ಈ ಹೆಸರಿನ ಸಲುವಾಗಿ ಒಂದು ಸಲಾನೂ ಜಗಳ ಆಗಿಲ್ಲ ಅನ್ನೋದೇ ನನ್ನ ಬ್ಯಾಸರ.

(6/6)

ಇಷ್ಟೆಲ್ಲಾ ಹೇಳಿ 'ಎಲ್ಲರೂ ಶ್ರೇಷ್ಠರೇ' ಅಂತ ಕೈ ತೊಳಕೊಂಡ್ರ ನೀವು ನನ್ನ ಬಿಡಬ್ಯಾಡ್ರಿ. ವಾದ ಬ್ಯಾಡ ಅನ್ನೋನೂ ನಾ ಅಲ್ಲ. ಅನುಭವ ಮಂಟಪದ ಊರು ಬಾಜೂಕೇ ಇಟ್ಕೊಂಡು ವಾದಕ್ಕ ಹೆದರೋದು ಹೆಂಗ?

ನನ್ನ ಕಾಟಾ ಹೇಳ್ತೀನಿ: ಯಾರ ಕೈಯಾಗ ಬಾಲ್ ಅಥವಾ ಬ್ಯಾಟ್ ಇದ್ದಾಗ ಭಾರತ ಟೆಸ್ಟ್ ಗೆಲ್ಲೋ ಹಂತಕ್ಕ ಹೆಚ್ಚು ಸಲ ಬಂತು? ಆ ಲೆಕ್ಕಕ್ಕ ನನ್ನ ಓಟು ಅನಿಲ್ ಕುಂಬ್ಳೆ. 132 ಟೆಸ್ಟ್, 619 ವಿಕೆಟ್.

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ, ಪಾಕಿಸ್ತಾನದ ಎರಡನೇ ಇನಿಂಗ್ಸ್, 74 ರನ್‌ಗೆ ಹತ್ತಕ್ಕ ಹತ್ತೂ ವಿಕೆಟ್. (ಲೆಬ್ರಾನ್ ದಾಖಲೆ ಮುರಿದದ್ದೂ ಫೆಬ್ರವರಿ 7, ಅಮೆರಿಕಾದ ಲೆಕ್ಕಕ್ಕ. ಸುಮ್ನ ಹೇಳಿದೆ.) ಆ ಸ್ಕೋರ್‌ಕಾರ್ಡಿನಾಗ ಕಾಣದ ಒಂದು ಸಂಗತಿ ನನಗ ಭಾಳ ಸೇರ್ತದ. ಒಂಬತ್ತು ವಿಕೆಟ್ ಬಿದ್ದ ಮ್ಯಾಲ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕಂತಲೇ ಸ್ಟಂಪ್ ಬಿಟ್ಟು ಹೊರಗ ಬೌಲ್ ಮಾಡಿದ್ರು, ಹತ್ತನೇದೂ ಕುಂಬ್ಳೆಗೇ ಸಿಗ್ಲಿ ಅಂತ. ಮುಷ್ತಾಕ್ ಅಹ್ಮದ್ ಕ್ಯಾಚ್ ಹಿಡಿದದ್ದು ದ್ರಾವಿಡ್. ಅಂಪೈರ್ ಎ.ವಿ. ಜಯಪ್ರಕಾಶ್ ಕೂಡ ಕರ್ನಾಟಕದವರೇ.

2002ರಾಗ ಆಂಟಿಗಾದಲ್ಲಿ ದವಡೆ ಮುರಿದು, ಮುಖಕ್ಕ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದು ನೀವು ರೀಲ್‌ನಾಗ ನೋಡೀರಿ. ನೋಡಿಲ್ಲಂದ್ರ 2007ರ ಓವಲ್ ನೋಡ್ರಿ: ಇಂಗ್ಲೆಂಡಿನಾಗ ನಾವು ಗೆದ್ದ ಆ ಸರಣಿಯಲ್ಲಿ ಭಾರತದ ಪರ ಒಂದೇ ಒಂದು ಸೆಂಚುರಿ ಬಂತು, ಅದು ಕುಂಬ್ಳೆಯವರದು.

ನನ್ನ ಕಾಟಾದ ತೂತು ನಾನೇ ತೋರಿಸ್ತೀನಿ, ನೀವು ಹುಡುಕೋ ತ್ರಾಸ ಬ್ಯಾಡ. ಆ 619ರಾಗ ಭಾರತದ ನೆಲದ ಮ್ಯಾಲ 350, ಹೊರಗ 269. ಹೊರಗ ಒಂದೊಂದು ವಿಕೆಟ್ಟಿಗೆ ಕೊಟ್ಟ ರನ್ ಹೆಚ್ಚು. 2001ರ ಕೋಲ್ಕತ್ತಾ ಸರಣಿಯಾಗ ಭುಜದ ಗಾಯದಿಂದ ಅವರು ಇರಲೇ ಇಲ್ಲ, ಆದರೂ ಹರ್ಭಜನ್ ಬೌಲಿಂಗ್ ಮ್ಯಾಲ ಭಾರತ ಗೆದ್ದಿತು. 'ಹೊರದೇಶದಾಗ ಗೆಲ್ಲಿಸಿದವರು ಯಾರು' ಅನ್ನೋ ಕಾಟಾ ನೀವಿಟ್ರ ದ್ರಾವಿಡ್ ಮುಂದ ಹೋಗ್ತಾರ, 2003ರ ಅಡಿಲೇಡಿನ 233 ಮತ್ತ 72 ನಾಟೌಟ್ ಒಂದೇ ಸಾಕು. ಅದೇ ಟೆಸ್ಟಿನ ಮೊದಲ ಇನಿಂಗ್ಸಿನಾಗ 5 ವಿಕೆಟ್ ಕುಂಬ್ಳೆಯವರದು ಅಂತ ನಾ ಹೇಳ್ತೀನಿ, ಆಗ ವಾದ ಶುರುವಾಗ್ತದ. ಇಂಥಾ ವಾದ ನನಗ ಬೇಕು.

ಕಮೆಂಟಿನಾಗ ಮೂರು ಬರೀರಿ: ನಿಮ್ಮ ಹೆಸರು ಯಾರು, ನಿಮ್ಮ ಕಾಟಾ ಯಾವುದು, ಆ ಕಾಟಾ ಇಟ್ರ ನಿಮ್ಮ ಆಟಗಾರ ಯಾರ ಮುಂದ ಸೋಲ್ತಾನ ಅಥವಾ ಸೋಲ್ತಾಳ. ಮೂರನೇದು ಬರೀದವರಿಗೆ ರಿಪ್ಲೈ ಇಲ್ಲ.

ಮತ್ತ ಆ ಇಬ್ಬರು ಓಪನರ್‌ಗಳೇ, ನೀವಿದನ್ನ ಓದ್ಲತ್ತೀರಿ ಅಂತ ಗೊತ್ತು. ಈ ಭಾನುವಾರ ಮುಂಜಾನೆ ಏಳಕ್ಕ ಮ್ಯಾಚ್ ಅದ. ಜೋರ್ಡನ್ ಬರೋದಿಲ್ಲ, ಲೆಬ್ರಾನ್ ಬರೋದಿಲ್ಲ, ನೀವಿಬ್ಬರೇ ಬರಬೇಕು.

ಮುತ್ಯಾನ ಓಟು ಮೊದಲೇ ಬಿದ್ದದ: ವಿಶ್ವನಾಥ್. ಬದಲಾಗೋದಿಲ್ಲಂತ.

#ಹುಲಸೂರ #ಬಸವಕಲ್ಯಾಣ #ಗೋಟ್ #ನಿಮ್ಮಕಾಟಾಯಾವುದು