ಧೋದಾಣಿಯ ಕಾಲುದಾರಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮವರೆಲ್ಲರಿಗೂ ಬಾಯಿಪಾಠ. ಆದರೆ ಸೀವುಡ್ಸಿನ ನಮ್ಮ ಬಂಧುಗಳಿಗೆ ಮಾಥೇರಾನವು ದೂರದ ಬೆಟ್ಟವೇನೂ ಅಲ್ಲ. ರಜೆ ಬಂತೆಂದರೆ ಠಾಣೆ, ಕಲ್ಯಾಣಗಳನ್ನು ಸುತ್ತಿಕೊಂಡು ನೇರಳಿಗೆ ಹೋಗಿ, ಅಲ್ಲಿಂದ ಆಟಿಕೆಯಂಥ ರೈಲನ್ನೋ ಬಾಡಿಗೆಯ ಮೋಟಾರನ್ನೋ ಹಿಡಿಯುವುದು ವಾಡಿಕೆ. ಬೆಟ್ಟದ ಈಚೆಯ ಮಗ್ಗುಲಲ್ಲಿ, ಪನವೇಲಿನ ಕಡೆಗೆ ಇಳಿಯುವ ಕಾಲುದಾರಿಯೊಂದಿದೆಯೆಂದು ಬಲ್ಲವರು ಕಡಿಮೆ. ಈ ಸಲ ಅದರ ವಿಚಾರ.

ಸೀವುಡ್ಸಿನಿಂದ ಪನವೇಲಿಗೆ ಹಾರ್ಬರ್ ಮಾರ್ಗದ ಲೋಕಲ್ ಗಾಡಿ. ಅಲ್ಲಿಂದ ಧೋದಾಣಿಗೆ ಬಸ್ಸು. ಗಾಢೇಶ್ವರದ ಅಣೆಕಟ್ಟನ್ನು ದಾಟಿದ ಮೇಲೆ ರಸ್ತೆ ಬೆಟ್ಟದ ಬುಡದಲ್ಲಿ ಮುಗಿಯುತ್ತದೆ, ಊರೂ ಅಲ್ಲಿಯೇ. ಗದ್ದೆಯ ಬದು, ಆಮೇಲೆ ಕುರುಚಲು ಕಾಡು, ಆಮೇಲೆ ಕಡಿದಾದ ಏರು. ಎರಡು ಮೂರು ತಾಸು ನಡೆದರೆ ಸನ್‌ಸೆಟ್ ಪಾಯಿಂಟು. ಇದರ ಹಳೆಯ ಹೆಸರು ಪಾರ್ಕ್ಯುಪೈನ್ ಪಾಯಿಂಟ್, ಅಂದರೆ ಮುಳ್ಳುಹಂದಿಯ ಮೂಲೆ. ಎದುರಿಗೆ ಪ್ರಬಲಗಡ ಕೋಟೆಯ ಬೆಟ್ಟ ಎದೆಯುಬ್ಬಿಸಿ ನಿಂತಿರುತ್ತದೆ.

ಏರುವಾಗ ನೆಲದ ಬಣ್ಣವನ್ನೂ ನೋಡಿರಿ. ಕೆಳಗೆಲ್ಲ ಕರಿಬಂಡೆ, ನೆತ್ತಿಯಲ್ಲಿ ನಮ್ಮ ಉಡುಪಿ, ಕುಮಟೆಗಳ ಮುರಕಲ್ಲಿನ ಕೆಂಪು ಮಣ್ಣು. ಯುಗಯುಗಗಳ ಮಳೆಗೆ ಕರಿಬಂಡೆಯೇ ಕರಗಿ ಹೀಗೆ ಕೆಂಪಾಗಿದೆ. ಕರಾವಳಿಯ ಅಜ್ಜಿಯಂದಿರು ಮೊಮ್ಮಕ್ಕಳ ಕೆಂಪಡರಿದ ಪಾದಗಳನ್ನು ಕಂಡು ಊರನ್ನು ನೆನೆದರೆ ಆಶ್ಚರ್ಯವಿಲ್ಲ. ಮಾಥೇರಾನ ಎಂದರೆ ಮರಾಠಿಯಲ್ಲಿ ನೆತ್ತಿಯ ಮೇಲಿನ ಕಾಡು. ಹೆಸರಿಟ್ಟವರು ಸುಳ್ಳಾಡಿಲ್ಲ.

ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬಾತನು 1850ರ ಮೇ ತಿಂಗಳಲ್ಲಿ ಚೌಕ್ ಗ್ರಾಮದಲ್ಲಿ ಬೀಡುಬಿಟ್ಟಿದ್ದಾಗ ಈ ಬೆಟ್ಟವನ್ನು ಹತ್ತಿ ನೋಡಿದನು. ಗಿರಿಧಾಮ ಬೆಳೆದದ್ದು ಅನಂತರ. ಆದಮ್‌ಜೀ ಪೀರ್‌ಭಾಯ್ ಅವರು ಕಟ್ಟಿಸಿದ ಎರಡಡಿ ಅಗಲದ ರೈಲುದಾರಿ 1907ರಲ್ಲಿ ತೆರೆಯಿತು. ಪುಸ್ತಕಗಳು ಮ್ಯಾಲೆಟನೇ ಬೆಟ್ಟವನ್ನು ಕಂಡುಹಿಡಿದನೆನ್ನುತ್ತವೆ. ಅದಕ್ಕೆ ಮೊದಲೇ ಠಾಕೂರರು, ಕಾತಕರಿಗಳು, ಧನಗರರು ಅದರ ಏರಿಳಿತಗಳನ್ನು ಅಂಗೈಯಂತೆ ಬಲ್ಲವರಾಗಿದ್ದರು.

ಧೋದಾಣಿಯ ದಾರಿ ಇಂದಿಗೂ ಅಂಥವರದೇ. ಬೆಳಗಾಗುತ್ತಲೇ ಹಾಲು, ತರಕಾರಿಗಳನ್ನು ಹೊತ್ತು ಪೇಟೆಗೆ ಏರುವವರು, ಅಲ್ಲಿ ದುಡಿದು ಸಂಜೆಗೆ ಇಳಿಯುವವರು ನಿಮಗೆ ಎದುರಾಗುತ್ತಾರೆ. ರಸ್ತೆಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರೂ ಹೀಗೆಯೇ ಉಪ್ಪು, ಅಕ್ಕಿಗಳಿಗಾಗಿ ಘಟ್ಟ ಹತ್ತಿ ಇಳಿದವರಲ್ಲವೆ? ನಾವು ವಿಹಾರಕ್ಕೆಂದು ವರ್ಷಕ್ಕೊಮ್ಮೆ ಏರುವುದನ್ನು ಅವರು ಹೊಟ್ಟೆಗಾಗಿ ದಿನವೂ ಏರುತ್ತಾರೆ. ಮೇಲಿನ ಊರಿನಲ್ಲಿ ಮನುಷ್ಯರು ಮನುಷ್ಯರನ್ನು ಕೈಗಾಡಿಯಲ್ಲಿ ಎಳೆಯುವುದು ಮಾನವ ಘನತೆಗೆ ಸಲ್ಲದೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿ, ಆರು ತಿಂಗಳೊಳಗೆ ನಿಲ್ಲಿಸುವಂತೆ ಆಜ್ಞಾಪಿಸಿತು. ಬೆನ್ನ ಮೇಲಿನ ಹೊರೆಗೆ ಅಂಥ ಆಜ್ಞೆಯಿಲ್ಲ. ಆದ್ದರಿಂದ ಏರುವಾಗ ಹೊರೆ ಹೊತ್ತವರಿಗೆ ದಾರಿ ಬಿಡಿರಿ. ಸೌತೆಕಾಯಿ, ಲಿಂಬೆ ಶರಬತ್ತು ಮಾರುವ ತಾಯಂದಿರೊಡನೆ ಚೌಕಾಸಿ ಮಾಡಬೇಡಿರಿ.

ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಝರಿಗಳು ಕಣ್ಣಿಗೆ ಹಬ್ಬವೆಂಬುದು ನಿಜ. ಆದರೆ 2023ರ ಜುಲೈ 19ರ ರಾತ್ರಿ ಇದೇ ಸೀಮೆಯಲ್ಲಿ, ಚೌಕ್ ಬಳಿಯ ಇರ್ಶಾಳವಾಡಿಯೆಂಬ ಆದಿವಾಸಿ ಹಾಡಿಯ ಮೇಲೆ ಗುಡ್ಡ ಕುಸಿಯಿತು. ದೊರೆತ ದೇಹಗಳು 27. ಇನ್ನೂ ಅನೇಕರು ಮಣ್ಣಿನಡಿಯಲ್ಲೇ ಉಳಿದರು. ಧೋ ಎಂದು ಮಳೆ ಹಿಡಿದ ದಿನ ಬೆಟ್ಟದ ಗೊಡವೆ ಬೇಡ. ಕಾರ್ತಿಕದಿಂದ ಮಾಘದವರೆಗಿನ ತಂಪು ದಿನಗಳೇ ಸಂಸಾರಸ್ಥರಿಗೆ ಮೇಲು.

ನಸುಕಿನಲ್ಲಿ ಹೊರಡಿರಿ. ಬುತ್ತಿ, ನೀರು, ಗಟ್ಟಿಯಾದ ಪಾದರಕ್ಷೆ ಇರಲಿ. ಮಂಡಿನೋವಿನವರು ಅದೇ ದಾರಿ ಇಳಿಯುವ ಸಾಹಸ ಮಾಡದೆ, ಪೇಟೆಯ ಮೂಲಕ ದಸ್ತೂರಿಗೆ ನಡೆದು, ಬಾಡಿಗೆಯ ಗಾಡಿಯಲ್ಲಿ ನೇರಳಿಗಿಳಿದು ಠಾಣೆಯ ಮಾರ್ಗವಾಗಿ ಮನೆ ಸೇರಬಹುದು. ದಸ್ತೂರಿಯಿಂದಾಚೆ ನಿಮ್ಮ ಮೋಟಾರಿಗೆ ಪ್ರವೇಶವಿಲ್ಲವೆಂಬುದೇ ಆ ಊರಿನ ಭಾಗ್ಯ. 2003ರಲ್ಲಿ ಕೇಂದ್ರ ಸರ್ಕಾರವು ಅದನ್ನು ಪರಿಸರಸೂಕ್ಷ್ಮ ಪ್ರದೇಶವೆಂದು ಸಾರಿದೆ. ಬುತ್ತಿಯ ಕಾಗದ, ಬಾಟಲಿಗಳು ಹೋದಂತೆಯೇ ನಿಮ್ಮ ಚೀಲದಲ್ಲಿ ಹಿಂದಿರುಗಲಿ.