ಪಿಟೀಲಿಗೂ ಚೀಟಿ ಎತ್ತಬೇಕೆ?

ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್ ಬಡವರೇ ಹೆಚ್ಚಿದ್ದ ಬಡಾವಣೆ. 1980ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ರಾಬರ್ಟಾ ಗ್ವಾಸ್ಪಾರಿ ಪಿಟೀಲು ಪಾಠ ಶುರು ಮಾಡಿದಾಗ ಬಂಡವಾಳವಾಗಿದ್ದದ್ದು ಅವರೇ ಕೊಂಡಿದ್ದ 50 ವಾದ್ಯಗಳು. ಮಕ್ಕಳು ಮುಗಿಬಿದ್ದರು, ಕೊನೆಗೆ ಚೀಟಿ ಎತ್ತಿ ಆರಿಸುವಂತಾಯಿತು.

1991ರಲ್ಲಿ ಶಿಕ್ಷಣ ಮಂಡಳಿ ಹಣ ನಿಲ್ಲಿಸಿತು. ಪೋಷಕರು, ಸ್ನೇಹಿತರು ಕೈಜೋಡಿಸಿದರು. 1993ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಐಸಾಕ್ ಸ್ಟರ್ನ್, ಇಟ್ಜಾಕ್ ಪರ್ಲ್‌ಮನ್ ಅವರಂಥ ದಿಗ್ಗಜರು ಈ ಮಕ್ಕಳೊಂದಿಗೆ ನುಡಿಸಿ ನಿಧಿ ಕೂಡಿಸಿದರು. ಮೆರಿಲ್ ಸ್ಟ್ರೀಪ್ ನಟಿಸಿದ 1999ರ ಚಿತ್ರ ಈ ಹೋರಾಟವನ್ನು ಜಗತ್ತಿಗೇ ತಿಳಿಸಿತು.

ಹಾಡಲು ಕಂಠವಿದ್ದರಾಯಿತು, ತಂತಿವಾದ್ಯ ಹಾಗಲ್ಲ. ಮಗುವಿನ ತೋಳು ಬೆಳೆದಂತೆ ಕಾಲು ಅಳತೆಯ ಪಿಟೀಲು ಬಿಟ್ಟು ಅರ್ಧ, ಮುಕ್ಕಾಲು, ಆಮೇಲೆ ಪೂರ್ಣ ಅಳತೆಯದು ಬೇಕು. ತಂತಿ ಹರಿಯುತ್ತದೆ, ಕಮಾನಿನ ಕುದುರೆಗೂದಲು ಸವೆಯುತ್ತದೆ. ದುಡಿದು ತಿನ್ನುವ ಮನೆಗೆ ಇದು ನೀಗದ ಖರ್ಚು. ವಾದ್ಯ ಶಾಲೆಯದ್ದೇ ಆದರೆ ಒಂದು ಮಗುವಿಗೆ ಚಿಕ್ಕದಾದದ್ದು ಇನ್ನೊಂದಕ್ಕೆ ಸರಿಹೊಂದುತ್ತದೆ.

ದಿಗ್ಗಜರು ಎಲ್ಲ ಶಾಲೆಗಳಿಗೂ ಬರಲಾರರು. ಗಣಿತದ ಮೇಷ್ಟ್ರ ಸಂಬಳ ದಾನಿಗಳನ್ನು ಕಾಯುವುದಿಲ್ಲ. ಸಂಗೀತದ ಮೇಷ್ಟ್ರದ್ದೂ ಕಾಯಬಾರದು. ವಾದ್ಯ, ದುರಸ್ತಿ, ಶಿಕ್ಷಕರ ವೇತನ ಮೂರೂ ಶಾಲೆಯ ಬಜೆಟ್‌ನಲ್ಲೇ ಇರಬೇಕು.